ನಾಲ್ಕನೆಯ ದಿನದ ಸಕ್ಕರೆ

ಮುಳ್ಳು ಒಂಬತ್ತರಲ್ಲಿ ನಿಂತಿತು.

ತೂಕದ ಮಾಸ್ತರು ಊಟದ ಡಬ್ಬಿಯನ್ನು ಕೊಕ್ಕೆಯಿಂದ ಬಿಡಿಸಿ, ಸ್ಪ್ರಿಂಗ್ ತಕ್ಕಡಿಯ ಮುಳ್ಳು ಸೊನ್ನೆಗೆ ಮರಳುವವರೆಗೆ ಕಾದು, ಮತ್ತೊಮ್ಮೆ ತೂಗಿಹಾಕಿದರು. ಮುಳ್ಳು ತುಸು ನಡುಗಿ ಮತ್ತೆ ಒಂಬತ್ತರಲ್ಲೇ ನಿಂತಿತು. ಹಿತ್ತಿಲ ಬಾಗಿಲಿನ ಹೊರಚಿಲಕ ಸರಿಸಿ ಅವರು ಈ ಅಡುಗೆಮನೆಗೆ ಬಂದು ಇನ್ನೂ ಹತ್ತು ನಿಮಿಷವಾಗಿರಲಿಲ್ಲ.

"ಎಷ್ಟಣ್ಣ?" ಎಂದಳು ತಂಗಿ, ತಲೆಯೆತ್ತದೆ.

"ಒಂಬತ್ತು."

"ಸರಿಯಾಗಿದೆ." ಅವಳು ಪಟ್ಟಿಯಲ್ಲಿ ಒಂದು ಗೆರೆ ಎಳೆದು, ಬಿಸ್ಕತ್ತಿನ ಪೊಟ್ಟಣದ ರಟ್ಟನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ರಟ್ಟಿಗೂ ತೂಕವಿದೆ.

ಈ ಪ್ರಸಂಗವನ್ನು ನನಗೆ ಹೇಳಿದವರೆಲ್ಲರೂ ಆ ಒಂಬತ್ತರಿಂದಲೇ ತೊಡಗುತ್ತಾರೆ. ಉಳಿದದ್ದು ಬದಲಾದರೂ ಆ ಸಂಖ್ಯೆ ಮಾತ್ರ ಯಾರ ಬಾಯಲ್ಲೂ ಬದಲಾಗಿಲ್ಲ.

"ಹನ್ನೆರಡು ಇರಬೇಕಲ್ವಾ ಪುಟ್ಟಿ? ಇಬ್ಬರು, ಆರು ದಿನ, ತಲೆಗೆ ದಿನಕ್ಕೆ ಒಂದು ಕಿಲೋ."

"ನಂಗೆ ಹಸಿವು ಕಮ್ಮಿ."

"ಅಷ್ಟು ಸರಿಯಾಗಿ ಮೂರು ಕಿಲೋ ಕಮ್ಮಿನಾ?"

ತಂಗಿ ಬಿಚ್ಚಿದ ರಟ್ಟನ್ನು ಮಡಚಿ ಕಸದ ಬುಟ್ಟಿಗೆ ಹಾಕಿದಳು. ಕೆಲವು ತಿಂಗಳಿಂದ ಅವಳು ಹೀಗೆಯೇ ಇದ್ದಳು. ಅಳುತ್ತಿರಲಿಲ್ಲ, ಸಿಡುಕುತ್ತಿರಲಿಲ್ಲ. ಕೇಳಿದರೆ ಹೇಳುತ್ತಿದ್ದಳು, ಕೇಳದಿದ್ದರೆ ಇಲ್ಲ. ಬೆಳಗಾದರೆ ಏಳುವ, ಕತ್ತಲಾದರೆ ಮಲಗುವ ಒಂದು ಕೆಲಸವನ್ನು ಯಾರೋ ವಹಿಸಿಕೊಟ್ಟು ಹೋದಂತೆ ಬದುಕುತ್ತಿದ್ದಳು.

ಕಡಲಂಚಿನ ಆ ಬೆಟ್ಟಸೀಮೆಗೆ ಇರುವುದು ಒಂದೇ ದಾರಿ. ದಾರಿಯ ಕೊನೆಗೆ, ಕಮರಿಯೊಂದರ ಮೇಲೆ ಹಳೆಯ ಕಬ್ಬಿಣದ ಸೇತುವೆ. ಮೂರು ಸಾವಿರದ ಇನ್ನೂರು ಕಿಲೋ ಮೀರಕೂಡದೆಂದು ಅದರ ಬಾಯಲ್ಲಿ ಫಲಕ. ಇಬ್ಬರು ಕುಳಿತ ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆಯನ್ನು ಖಾಲಿಯಾಗಿ ಕಟ್ಟಿದರೆ ಎರಡು ಸಾವಿರದ ಒಂಬೈನೂರ ಇಪ್ಪತ್ತೈದು ಆಗುತ್ತದೆ. ಉಳಿಯುವುದು ಇನ್ನೂರ ಎಪ್ಪತ್ತೈದು. ಹಾಸಿಗೆ, ಗ್ಯಾಸ್ ಸಿಲಿಂಡರ್, ನೀರು, ಊಟ, ಕೊಡೆ, ಕತ್ತರಿ ಎಲ್ಲವೂ ಅದರೊಳಗೇ ಹಿಡಿಸಬೇಕು. ಹಾಗಾಗಿ ಅಲ್ಲಿಗೆ ಹೊರಡುವವರ ರಜೆ ರಸ್ತೆಯಲ್ಲಿ ಶುರುವಾಗುವುದಿಲ್ಲ. ಅಡುಗೆಮನೆಯ ಮೇಜಿನ ಮೇಲೆ, ತಕ್ಕಡಿಯ ಮುಂದೆ ಶುರುವಾಗುತ್ತದೆ.

ತೂಗುವುದು ಈ ಅಣ್ಣತಂಗಿಯರ ರಕ್ತದಲ್ಲೇ ಇತ್ತು. ತಂದೆ ಲಾರಿಗಳ ತೂಕದ ಕಟ್ಟೆಯಲ್ಲಿ ಜೀವ ಸವೆಸಿದವರು. ಆ ಕುರ್ಚಿಯಲ್ಲೇ ಮಗ ಮೂವತ್ತೊಂದು ವರ್ಷ ಕುಳಿತು ಮಾಸ್ತರೆನಿಸಿಕೊಂಡರು. ಬಾಯಿ ತಪ್ಪಿದರೂ ತಕ್ಕಡಿ ತಪ್ಪಬಾರದು ಎಂಬುದು ತಂದೆಯ ಮಾತು. ಆ ಮನೆಯಲ್ಲಿ ಮಕ್ಕಳು ಸುಳ್ಳು ಹೇಳಿದರೆ ಗದರಿಕೆ ಸಾಕಾಗುತ್ತಿತ್ತು. ತಪ್ಪು ತೂಕ ಬರೆದರೆ ಅಂದು ಊಟವಿರಲಿಲ್ಲ.

ಮಾಸ್ತರು ಪಟ್ಟಿಯನ್ನು ತಮ್ಮತ್ತ ಎಳೆದುಕೊಂಡರು. ಆರು ದಿನಕ್ಕೆ ಆರು ಸಾಲು. ಮೊದಲ ಮೂರು ಸಾಲಿನಲ್ಲಿ ಮೊಟ್ಟೆ ನಾಲ್ಕು, ಆಲೂಗಡ್ಡೆ ಆರು, ಬ್ರೆಡ್ಡು ಎಂಟು ಚೂರು, ಚಹಾಪುಡಿ, ಹಾಲಿನ ಪುಡಿ, ಸಕ್ಕರೆ ನಲವತ್ತು ಗ್ರಾಂ. ನಾಲ್ಕನೆಯ ಸಾಲಿನಿಂದ ಮೊಟ್ಟೆ ಎರಡು, ಆಲೂಗಡ್ಡೆ ಮೂರು, ಬ್ರೆಡ್ಡು ನಾಲ್ಕು ಚೂರು, ಚಹಾಪುಡಿ, ಹಾಲಿನ ಪುಡಿ.

ಹೋಗುವಾಗ ಇಬ್ಬರು, ಬರುವಾಗ ಒಬ್ಬರು. ಮಕ್ಕಳು ಬಿಡಿಸುವ ಒಗಟಿನ ಹಾಗಿತ್ತು.

ಏಳು ವರ್ಷದ ಹಿಂದೆ ಇದೇ ಕ್ಯಾರವಾನಿನಲ್ಲಿ, ಇದೇ ಬೆಟ್ಟಸೀಮೆಗೆ, ಈ ಮನೆಯ ಯಜಮಾನ, ಈಗ ತಂಗಿಯ ಗಂಡ, ತನ್ನ ಮೊದಲ ಹೆಂಡತಿಯನ್ನು ಕರೆದೊಯ್ದು ಒಬ್ಬನೇ ಮರಳಿದ್ದ. ಕಾಲು ಜಾರಿ ಕಡಲಿಗೆ ಬಿದ್ದಳೆಂದು ಬರೆದು ಪೊಲೀಸರು ಕಡತ ಮುಚ್ಚಿದ್ದರು. ಅವಳ ತಾಯಿಯ ಬೇಡಿಕೆಯ ಮೇಲೆ ಮಾಸ್ತರು ಅದನ್ನು ಕೆದಕತೊಡಗಿ ಐದು ವಾರವಾಗಿತ್ತು, ಮೊನ್ನೆಯಷ್ಟೇ ಕ್ಯಾರವಾನಿನ ಸೀಟಿನ ಹಲಗೆಯಡಿ ಆ ಹಳೆಯ ಪ್ರವಾಸದ ಪಟ್ಟಿ ಸಿಕ್ಕಿತ್ತು.

ಅದೀಗ ಅವರ ಜೇಬಿನಲ್ಲಿತ್ತು. ಮೇಜಿನ ಕೆಳಗೆ, ತಂಗಿಗೆ ಕಾಣದಂತೆ ಬಿಡಿಸಿದರು. ಮೂರು ಸಾಲು ಇಬ್ಬರಿಗೆ, ಮೂರು ಸಾಲು ಒಬ್ಬರಿಗೆ. ಅಡಿಯಲ್ಲಿ ಒಟ್ಟು: ಒಂಬತ್ತು.

'ಅನುಮಾನಕ್ಕೆ ತೂಕ ಇಲ್ಲ ಮಾಸ್ತರೇ, ಕಾಗದ ತನ್ನಿ' ಎಂದಿದ್ದ ಪೊಲೀಸ್ ಇನ್ಸ್‌ಪೆಕ್ಟರ್. ಈಗ ಕಾಗದ ಎರಡಾಗಿದ್ದವು; ಹೊಸದನ್ನು ತಂಗಿಯಿಂದ ಗಂಡನೇ ಬರೆಸಿದ್ದಾನೆಂದು ಮಾಸ್ತರ ಎಣಿಕೆ. ಇಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ತಂಗಿ ಆ ಮನುಷ್ಯನ ಪಕ್ಕದಲ್ಲಿ ಕುಳಿತು ಹೊರಡುವವಳು.

ತಮಗೆ ಗಾಬರಿಯಾಗಬೇಕಿತ್ತು ಎಂದು ಮಾಸ್ತರಿಗೆ ಅನ್ನಿಸಿತು. ಆಗಲಿಲ್ಲ. ಎದೆಯಲ್ಲಿ ತೂಗುವುದಕ್ಕೆ ಏನೂ ಇಲ್ಲದೆ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು.

"ಈ ಪಟ್ಟಿ ಒಂದು ನಿಮಿಷ ತಗೊಂಡು ಹೋಗ್ತೀನಿ."

"ತಗೋ. ಮಡಚಬೇಡ."

ಅವರು ಹೊರಗೆ ಬಂದು ಬಾಗಿಲೆಳೆದು, ವಾಡಿಕೆಯಂತೆ ಚಿಲಕ ಹಾಕಿ, ಯಾರ್ಡಿನತ್ತ ನಡೆದರು.

ಬಾಡಿಗೆಗೆ ಕೊಡುವ ಕ್ಯಾರವಾನುಗಳು ಅಲ್ಲಿ ಹನ್ನೊಂದಿದ್ದವು, ಎಲ್ಲವೂ ಬಿಳಿ. ಕೊನೆಯದು ಮಾತ್ರ ಹಸಿರು. ಅದು ಯಜಮಾನನ ಸ್ವಂತದ್ದು. ಯಾರ್ಡಿನ ಕೆಲಸಗಾರರು ಅದನ್ನು ಆಮೆ ಎನ್ನುತ್ತಿದ್ದರು. ಯಜಮಾನ ಅದರ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕುಳಿತು, ಹೊರಗಿನ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದ.

"ಬನ್ನಿ ಭಾವ. ರಿಟೈರಾದ್ಮೇಲೂ ಕಂಡೋರ ಮನೆ ಉಪ್ಪು ತೂಗೋದು ಬಿಟ್ಟಿಲ್ಲ ಅಂತಾಯ್ತು."

"ಉಪ್ಪಲ್ಲ. ಊಟದ ಡಬ್ಬಿ."

"ಜಾಸ್ತಿ ಇದ್ಯಾ?"

"ಕಮ್ಮಿ ಇದೆ. ಹೊರಗಡೆ ಚಿಲಕ ಯಾಕಿದಕ್ಕೆ?"

"ಅಲ್ಲಿನ ಗಾಳಿ ನಿಮಗೆ ಗೊತ್ತಿಲ್ಲ. ಓಡ್ತಾ ಇರೋವಾಗ ಬಾಗಿಲು ತೆರ್ಕೊಂಡ್ರೆ ಗೋಡೆ ಸಮೇತ ಕಿತ್ಕೊಂಡು ಹೋಗುತ್ತೆ." ಅವನು ಚಿಲಕವನ್ನು ಎರಡು ಸಲ ಆಡಿಸಿ ನೋಡಿದ. ಸದ್ದಿಲ್ಲದೆ ಸರಿಯಿತು. "ನೀವೂ ಒಂದ್ಸಲ ನೋಡಬೇಕು ಆ ಜಾಗ. ಆರು ಮೈಲಿ ಸುತ್ತ ಒಂದು ನರಪಿಳ್ಳೆ ಇಲ್ಲ. ಮಾತಾಡಿದ್ರೆ ಮಾತು ಕಡಲಿಗೆ ಹೋಗಿಬಿಡುತ್ತೆ."

ಮಾಸ್ತರು ಎರಡೂ ಪಟ್ಟಿಗಳನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೆ ಒಂದೊಂದು ನಟ್ಟು ಇಟ್ಟರು.

"ಇದು ಈ ಸಲದ್ದು. ಇದು ಏಳು ವರ್ಷದ ಹಿಂದಿನದು. ಎರಡರಲ್ಲೂ ಹೋಗೋದು ಇಬ್ಬರು. ಎರಡರಲ್ಲೂ ನಾಲ್ಕನೇ ದಿನದಿಂದ ಊಟ ಒಬ್ಬರಿಗೇ. ಆವಾಗ ವಾಪಸ್ ಬಂದ ಒಬ್ಬರು ನೀವು. ಈ ಸಲ ಬರೋ ಒಬ್ಬರು ಯಾರು?"

ಯಜಮಾನ ಎದ್ದುನಿಂತ. ಕೈಯೊರೆಸುವ ಬಟ್ಟೆಯನ್ನು ಹುಡುಕಿದ, ಸಿಕ್ಕಿತು, ಒಂದೊಂದೇ ಬೆರಳನ್ನು ಒರೆಸಿಕೊಂಡ. ಹಳೆಯ ಪಟ್ಟಿಯನ್ನು ಮುಟ್ಟಲಿಲ್ಲ.

"ನಾನು ಚಹಾಕ್ಕೆ ಎಷ್ಟು ಸಕ್ಕರೆ ಹಾಕ್ಕೋತೀನಿ ಭಾವ?"

"ಮಾತು ಮರೆಸಬೇಡಿ."

"ಹೇಳಿ. ಐದು ವರ್ಷದಿಂದ ಬೀಗರ ಮನೆ ಚಹಾ ಕುಡೀತಾ ಇದ್ದೀರಿ."

"ಎರಡು ಚಮಚ. ಒಂದು ಕಾಳು ಕಮ್ಮಿಯಾದ್ರೂ ಲೋಟ ಒಳಗೆ ವಾಪಸ್ ಹೋಗುತ್ತೆ."

"ನಿಮ್ಮ ತಂಗಿ?"

"ಸಕ್ಕರೆ ಮುಟ್ಟಲ್ಲ."

"ಮೊದಲನೆಯವಳೂ ಮುಟ್ಟುತ್ತಿರಲಿಲ್ಲ. ಈಗ ಓದಿ. ಮೊಟ್ಟೆ ಎಣಿಸಬೇಡಿ, ಓದಿ."

ಮಾಸ್ತರು ಓದಿದರು. ಮೊದಲು ಹಳೆಯದು, ಆಮೇಲೆ ಹೊಸದು. ಒಂದು, ಎರಡು, ಮೂರನೆಯ ದಿನಕ್ಕೆ ಸಕ್ಕರೆ ನಲವತ್ತು ಗ್ರಾಂ. ನಾಲ್ಕನೆಯ ದಿನದ ಮುಂದೆ ಚಹಾಪುಡಿ ಇತ್ತು, ಹಾಲಿನ ಪುಡಿ ಇತ್ತು. ಸಕ್ಕರೆ ಎರಡು ಪಟ್ಟಿಯಲ್ಲೂ ಇರಲಿಲ್ಲ.

ಮೂವತ್ತೊಂದು ವರ್ಷ ತೂಗಿದ ಮನುಷ್ಯ ತಲೆ ಎಣಿಸಿದ್ದರೇ ಹೊರತು, ಉಳಿಯುವ ತಲೆ ಯಾರದೆಂದು ನೋಡಿರಲಿಲ್ಲ.

"ದಾರಿ, ಟೈರು, ಗಾಳಿ ನನ್ನದು," ಎಂದ ಯಜಮಾನ. "ಅಡುಗೆಮನೆ ತೂಕ ಮನೆಯವಳದ್ದು. ಅವತ್ತೂ ಹಾಗೇ, ಇವತ್ತೂ ಹಾಗೇ. ನಾನು ಅಲ್ಲಿ ಕೈ ಹಾಕೋದಿಲ್ಲ."

"ಅಂದ್ರೆ ಸತ್ತವಳ ಮೇಲೇ ಹೇಳ್ತಿದ್ದೀರಿ."

"ಏಳು ವರ್ಷ ಹೇಳಲಿಲ್ಲ. ನೀವು ಕೇಳಿದ್ರಿ, ಹೇಳ್ತಿದ್ದೀನಿ." ಅವನ ದನಿಯಲ್ಲಿ ಏರಿಳಿತವಿರಲಿಲ್ಲ, ರಸ್ತೆಯ ತಿರುವುಗಳನ್ನು ವಿವರಿಸುವವನಂತೆ ಹೇಳಿದ. "ಮೂರನೇ ದಿನ ಸಂಜೆ ತುದೀಲಿ ನಿಂತಿದ್ದೆ. ಷೂ ಲೇಸ್ ಬಿಚ್ಚಿತ್ತು, ಕಟ್ಟೋಕೆ ಬಗ್ಗಿದೆ. ಬೆನ್ನ ಮೇಲಿಂದ ಏನೋ ದಾಟಿಹೋಯ್ತು. ಗಾಳಿ ಅಂದ್ಕೊಂಡೆ. ತಿರುಗಿ ನೋಡಿದ್ರೆ ಅವಳು ಇರಲಿಲ್ಲ."

ಈ ಮಾತನ್ನು ನನಗೆ ಹೇಳಿದವರಲ್ಲಿ ಒಬ್ಬರು ಷೂ ಲೇಸ್ ಎಂದರು. ಆ ಹೊತ್ತಿಗೆ ಪಕ್ಕದ ಕ್ಯಾರವಾನಿನಡಿ ಮಲಗಿ ಬೆಸುಗೆ ಹಾಕುತ್ತಿದ್ದ ವೆಲ್ಡರು, ಹಾರಿದ ಟೋಪಿಯನ್ನು ಹೆಕ್ಕಲು ಬಗ್ಗಿದನೆಂದು ತಾನು ಕೇಳಿದ್ದಾಗಿ ಹೇಳುತ್ತಾರೆ. ಬಗ್ಗಿದ್ದು ಮಾತ್ರ ಇಬ್ಬರ ಬಾಯಲ್ಲೂ ಒಂದೇ.

"ಕಥೆ ಚೆನ್ನಾಗಿದೆ," ಎಂದರು ಮಾಸ್ತರು.

"ನಾಲ್ಕನೇ ದಿನ ಪೊಲೀಸಿನೋರು ಬರೋವರೆಗೂ ಕಾಯಬೇಕಿತ್ತಲ್ಲ, ಚಹಾ ಮಾಡ್ಕೊಂಡೆ. ಸಕ್ಕರೆ ಡಬ್ಬಿ ಖಾಲಿ. ಅವಳ ಕೈಯಲ್ಲಿ ಯಾವತ್ತೂ ಏನೂ ಮುಗಿದುಹೋಗಿರಲಿಲ್ಲ. ಆಗ ಪಟ್ಟಿ ತೆಗೆದು ನೋಡಿದೆ."

"ಆ ಪಟ್ಟಿ ಪೊಲೀಸರಿಗೆ ಯಾಕೆ ಕೊಡಲಿಲ್ಲ?"

"ಕೊಟ್ಟು ಏನು ಮಾಡ್ಲಿ? ಮಗಳೂ ಹೋಗಿ, ಮಗಳ ಹೆಸರೂ ಹೋದ್ರೆ ಅವಳಮ್ಮ ಏನು ಮಾಡ್ಬೇಕು?"

ಮಾಸ್ತರು ಆ ಮಾತನ್ನು ಮನಸ್ಸಿನಲ್ಲೇ ಎತ್ತಿ ನೋಡಿದರು. ಸತ್ಯಕ್ಕಿರುವಷ್ಟೇ ಭಾರವಿತ್ತು. ಆದರೆ ಏಳು ವರ್ಷ ಕೈಯಲ್ಲಿಟ್ಟುಕೊಂಡ ಸುಳ್ಳಿಗೂ ಅಷ್ಟೇ ಭಾರ ಬರುತ್ತದೆ.

"ಈ ಪಟ್ಟಿಯಲ್ಲೂ ಸಕ್ಕರೆ ಇಲ್ಲ ಅನ್ನೋದು ನಿಮಗೆ ಗೊತ್ತಿತ್ತಾ?"

"ನಿನ್ನೆ ನೋಡಿದೆ."

"ಗೊತ್ತಿದ್ದೂ ಹೊರಡ್ತೀರಾ?"

"ಈ ಸಲ ನಾನು ಬಗ್ಗಿರೋದಿಲ್ಲ, ಭಾವ." ಅವನು ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸಿದ. "ನಿಮಗೆ ಭಯ ಇದ್ರೆ ಅವಳಿಗೆ ಹೇಳಿ. ಬೇಡ ಅಂದ್ರೆ ಬಿಡೋಣ. ನಾನೇನು ಕಟ್ಟಿಹಾಕ್ಕೊಂಡು ಹೋಗ್ತೀನಾ?"

ನಟ್ಟುಗಳನ್ನು ಜೇಬಿಗೆ ಹಾಕಿಕೊಂಡದ್ದು ಮಾಸ್ತರಿಗೆ ಗೊತ್ತಾದದ್ದು ಅಡುಗೆಮನೆಯ ಬಾಗಿಲಿಗೆ ಬಂದು ಕೈ ಚಾಚಿದಾಗ. ಯಾರ ಪರವಾಗಿ ಹೋಗಿದ್ದರೋ ಅವಳ ಮೇಲೆಯೇ ಕಾಗದ ಹಿಡಿದುಕೊಂಡು ಬಂದಿದ್ದರು. ಬೆಕ್ಕಿಗೆ ಗಂಟೆ ಕಟ್ಟಲು ಹೋದವನ ಕೈಗೆ ಗಂಟೆ ಮಾತ್ರ ಉಳಿದಂತೆ.

ಬೆರಳಿಗೆ ಚಿಲಕ ತಾಗಿತು.

ಅದರ ನಡುಭಾಗ ಸವೆದು ಹೊಳೆಯುತ್ತಿತ್ತು. ಸುತ್ತಲಿನ ಬಣ್ಣ ಅರ್ಧಚಂದ್ರಾಕಾರದಲ್ಲಿ ಕೆರೆದುಹೋಗಿತ್ತು. ಮಾಸ್ತರು ಅದನ್ನು ಸರಿಸದೆ ಸ್ವಲ್ಪ ಹೊತ್ತು ನಿಂತರು. ಐದು ವರ್ಷದಿಂದ ಈ ಮನೆಗೆ ಬರುವಾಗಲೆಲ್ಲ ತಾವೇ ಇದನ್ನು ತೆಗೆದು ಒಳಹೋಗಿದ್ದರು. ಹೊರಡುವಾಗ ತಾವೇ ಹಾಕಿದ್ದರು. ಇಂದೂ ಹಾಕಿಯೇ ಹೋಗಿದ್ದರು. ತಂಗಿ ಒಳಗಿದ್ದಳು.

ಗಾಳಿಗೆ ಹಾರುವ ಬಾಗಿಲು ಅಡುಗೆಮನೆಗಿರುವುದಿಲ್ಲ.

ಅವರು ಒಳಗೆ ಬಂದಾಗ ತಂಗಿ ಟವೆಲ್ಲುಗಳನ್ನು ತೂಗುತ್ತಿದ್ದಳು. ಪಟ್ಟಿಯನ್ನು ಇಸಿದುಕೊಂಡು, ಮಡಚಿಲ್ಲವೆಂದು ಖಚಿತಪಡಿಸಿಕೊಂಡು, ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ಅವರು ಹಳೆಯದನ್ನಿಟ್ಟರು.

"ಅದು ನಂಗೆ ಆರು ತಿಂಗಳ ಹಿಂದೇನೇ ಸಿಕ್ಕಿತ್ತು," ಎಂದಳು. "ಓದಿ ಅಲ್ಲೇ ಇಟ್ಟೆ."

"ಓದಿ ಏನು ಅಂದ್ಕೊಂಡೆ?"

"ನೀನು ಏನು ಅಂದ್ಕೊಂಡೆ?"

"ಅವನು ಅವಳನ್ನ ಮುಗಿಸೋಕೆ ಮೊದಲೇ ಯೋಚನೆ ಮಾಡಿದ್ದ ಅಂತ. ಈಗ ಅವನು ಹೇಳ್ತಾನೆ, ಅದನ್ನ ಬರೆದದ್ದು ಅವಳು. ಸಾಯಬೇಕಾಗಿದ್ದವನು ಅವನು."

"ಅದಕ್ಕೆ ಅವನು ಹೇಳಬೇಕಾ ಅಣ್ಣ? ಊಟದ ಪಟ್ಟಿ ಈ ಮನೆ ಗಂಡಸು ಬರೀತಾನಾ? ಸಕ್ಕರೆ ನೋಡಿದ ಕೂಡಲೇ ಗೊತ್ತಾಯ್ತು ನಂಗೆ."

"ಗೊತ್ತಿತ್ತಾ?"

"ನಮ್ಮಪ್ಪನ ಮಕ್ಕಳಲ್ವಾ? ನೀನು ಮೊಟ್ಟೆ ಎಣಿಸಿರ್ತೀಯ."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ತಂಗಿ ಟವೆಲ್ಲನ್ನು ತಕ್ಕಡಿಯಿಂದ ತೆಗೆದು ನಾಲ್ಕು ಮಡಿಕೆ ಮಾಡಿದಳು. ಅವಳ ಮುಂದಿನ ಮಾತನ್ನು ನಾನು ಕೇಳಿದ ಎಲ್ಲ ನಿರೂಪಣೆಗಳಲ್ಲೂ ಒಂದೇ ತೆರನಾಗಿ ಕೇಳಿದ್ದೇನೆ. ಹಾಡಿನ ಸಾಲಿನಂತೆ ಅದು ಯಾರ ನಾಲಿಗೆಯಲ್ಲೂ ಜಾರಿಲ್ಲ.

"ಒಂದು ಗ್ರಾಂ ತಪ್ಪದ ಹೆಂಗಸು ಗಂಡನ್ನೇ ಪಟ್ಟಿಯಿಂದ ತೆಗೆದಿದ್ಲು. ಅವನು ಅವಳಿಗೆ ಏನು ಮಾಡಿದ್ದ ಅಂತ ಯಾರೂ ಕೇಳಲಿಲ್ಲ."

ಹಿತ್ತಿಲ ಬಾಗಿಲು ಅರೆತೆರೆದಿತ್ತು. ಅದರ ಹೊರಮೈಯ ಚಿಲಕದ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಮಾಸ್ತರು ಅದನ್ನು ನೋಡಿದರು. ತಾವು ನೋಡಿದ್ದನ್ನು ತಂಗಿ ನೋಡಿದಳೆಂಬುದನ್ನೂ ನೋಡಿದರು.

"ನಿಂಗೆ ಏನು ಮಾಡ್ತಾನೆ ಪುಟ್ಟಿ?"

ಅವಳು ಗಡಿಯಾರದತ್ತ ನೋಡಿದಳು. "ಇದನ್ನ ಕೇಳೋಕೆ ನಿಂಗೆ ಐದು ವರ್ಷ ಹಿಡೀತು."

"ಈಗ ಕೇಳ್ತಿದ್ದೀನಲ್ಲ."

"ಈಗ ಟವೆಲ್ಲು ತೂಗ್ತಿದ್ದೀನಿ."

"ನನ್ನ ಜೊತೆ ಬಂದುಬಿಡು. ಈಗಲೇ. ಬಾಗಿಲು ತೆಗೆದೇ ಇದೆ."

"ತೆಗೆದಿರೋದು ನೀನು ಇಲ್ಲಿದ್ದೀಯ ಅಂತ. ಮೊದಲನೇ ವರ್ಷ ಎರಡು ಸಲ ನಿಮ್ಮನೆಗೆ ಬಂದೆ. ನೆನಪಿದ್ಯಾ? ಎರಡು ಸಲಾನೂ ಊಟ ಹಾಕಿ, ಬುದ್ಧಿ ಹೇಳಿ, ನೀನೇ ತಂದು ಬಿಟ್ಟೆ. ಹೋಗುವಾಗ ಚಿಲಕ ಹಾಕ್ಕೊಂಡು ಹೋದೆ." ಅವಳ ದನಿಯಲ್ಲಿ ದೂರಿರಲಿಲ್ಲ, ಪಟ್ಟಿ ಓದುವ ದನಿಯೇ ಅದು. "ಬಯ್ತಿಲ್ಲ ಅಣ್ಣ. ನಂಗೆ ಏನೂ ಅನ್ನಿಸೋದೇ ಇಲ್ಲ ಈಗ."

ಯಾರ್ಡಿನ ಕಡೆಯಿಂದ ಟೈರಿಗೆ ಗಾಳಿ ತುಂಬುವ ಸದ್ದು ಕೇಳಿಸಿತು, ನಿಂತಿತು. ಮಾಸ್ತರು ಎರಡು ದಾರಿಗಳನ್ನು ತೂಗಿ ನೋಡಿದರು. ಕಾಗದಗಳನ್ನು ಪೊಲೀಸರಿಗೆ ಕೊಟ್ಟರೆ ಸಿಕ್ಕಿಬೀಳುವವಳು ತಂಗಿ. ಕೊಡದಿದ್ದರೆ ಶನಿವಾರ ಇಬ್ಬರು ಹೊರಡುತ್ತಾರೆ, ಬೆನ್ನು ತಿರುಗಿಸದವನೊಬ್ಬ, ಸಕ್ಕರೆ ಬರೆಯದವಳೊಬ್ಬಳು. ಯಾರು ಮರಳಿದರೂ ತಮಗೆ ತಂಗಿ ಉಳಿಯುವುದಿಲ್ಲ.

"ನಾನೂ ಬರ್ತೀನಿ," ಎಂದರು.

"ಎಲ್ಲಿಗೆ?"

"ನಿಮ್ಮ ಜೊತೆ. ನನ್ನನ್ನ ಪಟ್ಟಿಗೆ ಸೇರಿಸು."

ಬೇಡವೆನ್ನುತ್ತಾಳೆಂದು ಅವರು ಕಾದರು. ಅವಳು ಅನ್ನಲಿಲ್ಲ. ಪೆನ್ಸಿಲ್ಲಿನ ತುದಿಯನ್ನು ನೋಡಿ, ಮೊಂಡಾಗಿದೆಯೆಂದು ಚಾಕುವಿನಿಂದ ಎರಡು ಸಲ ಕೆರೆದಳು.

"ಎಷ್ಟಿದ್ದೀಯ ಈಗ?"

"ಎಪ್ಪತ್ತೊಂದು. ಬಟ್ಟೆ, ಚಪ್ಪಲಿ ಸೇರಿ."

ಅವಳು ಕೂಡಿದಳು. ಟವೆಲ್ಲು ಸೇರಿ ಒಟ್ಟು ಸಾಮಾನು ನೂರ ತೊಂಬತ್ತೆಂಟು, ಅದಕ್ಕೆ ಎಪ್ಪತ್ತೊಂದು, ಇನ್ನೂರ ಅರವತ್ತೊಂಬತ್ತು. "ಸೇತುವೆ ತಡೆಯುತ್ತೆ. ಇನ್ನೂ ಆರು ಕಿಲೋ ಉಳಿಯುತ್ತೆ."

ಆರು ಕಿಲೋ. ತಲೆಗೆ ದಿನಕ್ಕೆ ಒಂದು ಕಿಲೋ. ಒಬ್ಬನ ಆರು ದಿನದ ಊಟಕ್ಕೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಪ್ಪನೇ ತೂಗಿಟ್ಟಂತಿತ್ತು. ಮಾಸ್ತರಿಗೆ ಅಂದು ಮೊದಲ ಬಾರಿಗೆ ಎದೆಯೊಳಗೆ ಏನೋ ತುಸು ಅಲುಗಿದಂತಾಯಿತು.

ತಂಗಿ ಪಟ್ಟಿಯ ಅಡಿಯಲ್ಲಿ ಹೊಸ ಸಾಲು ಎಳೆದಳು. ಅಣ್ಣ ಎಂದು ಬರೆದಳು. ತೂಕದ ಮುಂದೆ ಎಪ್ಪತ್ತೊಂದು. ಮೊಟ್ಟೆ, ಆಲೂಗಡ್ಡೆ, ಬ್ರೆಡ್ಡು, ಚಹಾಪುಡಿ, ಅವರಿಗಿಷ್ಟವಾದ ಅರ್ಧ ಚಮಚ ಸಕ್ಕರೆಯನ್ನೂ ಮರೆಯದೆ ಬರೆದಳು. ಕೊನೆಯ ಕಾಲಮಿನ ಮೇಲೆ, ಎಷ್ಟು ದಿನಕ್ಕೆ ಎಂಬ ಪ್ರಶ್ನೆಯ ಕೆಳಗೆ, ಪೆನ್ಸಿಲ್ ಒಂದು ಕ್ಷಣ ನಿಂತಿತು.

ಅವಳು ಅಣ್ಣನನ್ನು ಕೇಳಲಿಲ್ಲ. ಮೂರು ಎಂದು ಬರೆದು, ಮುಂದಿನ ಟವೆಲ್ಲನ್ನು ಎತ್ತಿಕೊಂಡಳು.